ಹೊಲದ ನಡುವೆ ಮುಕ್ಕಾಲಿ

ಪಟ್ಟಣದ ಮನೆಗಳ ಗೋಡೆಯ ಮೇಲೆ ಹಳ್ಳಿಯ ಚಿತ್ರ ಇರುತ್ತದೆ. ಹಳ್ಳಿಯ ಕಟಿಂಗ್ ಶಾಪಿನ ಗೋಡೆಯ ಮೇಲೆ ಸ್ವಿಟ್ಜರ್ಲೆಂಡ್ ಇರುತ್ತದೆ. ತಿಪಟೂರಿನಿಂದ ಅರಸೀಕೆರೆಯ ತನಕ ಯಾವ ಸಣ್ಣ ಊರಿನ ಅಂಗಡಿಗೆ ಹೋಗಿ ಕೂತರೂ ಸರಿ, ಕನ್ನಡಿಯ ಪಕ್ಕದಲ್ಲಿ ಹಿಮ ಹೊದ್ದ ಬೆಟ್ಟ, ಅದರ ಬುಡಕ್ಕೆ ನೀಲಿ ಸರೋವರ, ದಡದಲ್ಲಿ ಇಳಿಜಾರು ಮಾಡಿನ ಮರದ ಮನೆ. ಗಡ್ಡಕ್ಕೆ ಸೋಪು ಹಚ್ಚಿಸಿಕೊಂಡ ರೈತ ಕತ್ತು ಎತ್ತಿ ಆ ಹಿಮವನ್ನೇ ನೋಡುತ್ತಾನೆ. ಅದೇ ಹೊತ್ತಿನಲ್ಲಿ ಬೆಂಗಳೂರಿನ ಏಳನೇ ಮಹಡಿಯಲ್ಲಿ ಯಾರೋ ಒಬ್ಬರು ಅಂಥದೇ ರೈತನ ಹೊಲದ ಚಿತ್ರದ ಕೆಳಗೆ ಕಾಲು ಚಾಚಿ, ‘ಎಂಥ ನೆಮ್ಮದಿಯಪ್ಪ ಅಲ್ಲಿ’ ಎಂದು ನಿಟ್ಟುಸಿರು ಬಿಡುತ್ತಾರೆ. ಇವರಿಬ್ಬರ ನಡುವೆ ನಿಂತು ನೆಮ್ಮದಿಯನ್ನು ಅತ್ತಿಂದಿತ್ತ ಸಾಗಿಸುವ ದಲ್ಲಾಳಿಯೇ ಕ್ಯಾಮೆರಾದವನು. ನಾನೂ ಆ ದಲ್ಲಾಳಿಗಳಲ್ಲಿ ಒಬ್ಬ. ಕಮಿಷನ್ ಮಾತ್ರ ಇನ್ನೂ ಯಾರೂ ಕೊಟ್ಟಿಲ್ಲ.

ಕನ್ನಡ ನಾಡಿನಲ್ಲಿ ಕ್ಯಾಮೆರಾ ಹಿಡಿದ ದೊಡ್ಡವರಲ್ಲಿ ಹಲವರು ಕಾಡಿನ ಕಡೆ ನಡೆದವರು. ಟಿ.ಎನ್.ಎ. ಪೆರುಮಾಳ್, ಇ. ಹನುಮಂತರಾವ್ ಅವರು ತೆಗೆದ ಕಾಡುಪ್ರಾಣಿಗಳ ಚಿತ್ರಗಳನ್ನು ಲೋಕವೇ ನೋಡಿತು. ತೇಜಸ್ವಿಯವರು ಮೂಡಿಗೆರೆಯಲ್ಲಿ ಹಕ್ಕಿಗಳಿಗಾಗಿ ಗಂಟೆಗಟ್ಟಲೆ ಕಾದರು. ಅಷ್ಟು ತಾಳ್ಮೆ ನನಗಿಲ್ಲ. ಹಕ್ಕಿ ಹಾರಿಹೋಗುತ್ತದೆ, ಹುಲಿ ಎದ್ದುಹೋಗುತ್ತದೆ, ಹೊಲ ಎಲ್ಲಿಗೆ ಹೋದೀತು ಎಂಬ ಸೋಮಾರಿ ಲೆಕ್ಕದಿಂದ ನಾನು ನಮ್ಮ ಭಾವನ ಊರಿನ ಕೆರೆ ಏರಿಯನ್ನು ಆರಿಸಿಕೊಂಡೆ. ಏರಿಯ ಮೇಲೆ ನಿಂತರೆ ಒಂದು ಕಡೆ ಕೆರೆ, ಇನ್ನೊಂದು ಕಡೆ ತೂಬಿನ ಕೆಳಗಿನ ಗದ್ದೆ ಬಯಲು, ಅದರಾಚೆ ದಿಣ್ಣೆಯ ಮೇಲೆ ರಾಗಿ ಹೊಲಗಳು, ಹೊಲಗಳ ನಡುವೆ ಒಂದು ಹುಣಸೆಮರ. ವರ್ಷವಿಡೀ ಅದೇ ಜಾಗ, ಅದೇ ಮರ. ಬದಲಾಗುವುದು ಋತು ಮಾತ್ರ.

ಹಳ್ಳಿಯಲ್ಲಿ ಬರೀ ಕ್ಯಾಮೆರಾ ಹಿಡಿದು ಓಡಾಡಿದರೆ ಯಾರೂ ಏನೂ ಅನ್ನುವುದಿಲ್ಲ. ಮುಕ್ಕಾಲಿಯನ್ನು ಬಿಚ್ಚಿ ನೆಲಕ್ಕೆ ಊರಿದಿರೋ, ಕಾಲು ಗಂಟೆಯಲ್ಲಿ ಊರಿಗೆ ಊರೇ ಎಚ್ಚೆತ್ತುಕೊಳ್ಳುತ್ತದೆ. ನಮ್ಮ ನಾಡಿನ ರೈತರು ಮೂರು ಕಾಲಿನ ಮೇಲೆ ಏನೋ ಒಂದನ್ನು ಕೂರಿಸಿ, ಒಂದು ಕಣ್ಣು ಮುಚ್ಚಿ ನೋಡುವ ಮನುಷ್ಯನನ್ನು ಹಿಂದೆಯೂ ಕಂಡವರು. ಅವನು ಬಂದು ಹೋದ ಮೇಲೆ ಹೈವೇ ಬಂದಿದೆ, ಹೈಟೆನ್ಷನ್ ಲೈನ್ ಬಂದಿದೆ, ಕೈಗಾರಿಕಾ ಪ್ರದೇಶವೆಂಬ ಬೋರ್ಡೂ ಬಂದಿದೆ. ಹಾಗಾಗಿ ಬದುವಿನ ಮೇಲೆ ನಡೆದು ಬರುವವರ ಮೊದಲ ಪ್ರಶ್ನೆ ಯಾವಾಗಲೂ ಒಂದೇ: “ಎಷ್ಟು ಅಡಿ ಹೋಯ್ತದೆ ಸಾ, ನಮ್ ಕಡೆ?” ಏನೂ ಹೋಗುವುದಿಲ್ಲ, ಸುಮ್ಮನೆ ಬೆಳಕು ಚೆನ್ನಾಗಿದೆ ಅಂತ ಫೋಟೋ ತೆಗೆಯುತ್ತಿದ್ದೇನೆ ಎಂದರೆ ಅವರ ಅನುಮಾನ ಇಮ್ಮಡಿಯಾಗುತ್ತದೆ. ಬೆಳಗ್ಗೆ ಆರು ಗಂಟೆಗೆ ಬೆಳಕು ನೋಡುವುದಕ್ಕೆ ಬಂದೆ ಎನ್ನುವವನನ್ನು ನಂಬುವುದಾದರೂ ಹೇಗೆ? “ಭಾವನ ಮನೆಗೆ ಬಂದಿದೀನಿ” ಎಂದ ಮೇಲೆಯೇ ಹಣೆಯ ಗಂಟು ಸಡಿಲವಾಗುವುದು. ನೆಂಟಸ್ತಿಕೆಗಿಂತ ಗಟ್ಟಿಯಾದ ಐಡೆಂಟಿಟಿ ಕಾರ್ಡು ಹಳ್ಳಿಯಲ್ಲಿ ಇನ್ನೂ ಬಂದಿಲ್ಲ.

ಬೆಳಕಿನ ವಿಷಯ ಬಂತಲ್ಲ, ಹೇಳಿಬಿಡುತ್ತೇನೆ. ಫೋಟೋಗ್ರಫಿಯ ಪುಸ್ತಕಗಳೆಲ್ಲ ‘ಗೋಲ್ಡನ್ ಅವರ್’ ಎಂಬ ಹೊನ್ನಿನ ಗಳಿಗೆಯ ಗುಣಗಾನ ಮಾಡುತ್ತವೆ. ಸೂರ್ಯ ಹುಟ್ಟಿದ ಮೇಲಿನ, ಮುಳುಗುವ ಮುಂಚಿನ ಒಂದು ಗಂಟೆ. ಇದನ್ನು ಬರೆದವರೆಲ್ಲ ಹೆಚ್ಚಾಗಿ ಯುರೋಪು, ಅಮೆರಿಕದವರು. ಅಲ್ಲಿ ಸೂರ್ಯ ಓರೆಯಾಗಿ, ಸಾವಕಾಶವಾಗಿ ಏರುತ್ತಾನೆ. ನಮ್ಮ 13 ಡಿಗ್ರಿ ಅಕ್ಷಾಂಶದಲ್ಲಿ ಅವನಿಗೆ ಅಷ್ಟು ಪುರುಸೊತ್ತಿಲ್ಲ; ಹೆಚ್ಚುಕಡಿಮೆ ನೆಟ್ಟಗೆ ಮೇಲಕ್ಕೆ ಹತ್ತುತ್ತಾನೆ. ಬಂಗಾರದ ಬಣ್ಣ ಅರ್ಧ ಗಂಟೆಯಲ್ಲಿ ಮುಗಿದುಹೋಗುತ್ತದೆ. ಆ ಅರ್ಧ ಗಂಟೆ ಸರಿಯಾಗಿ ನಮ್ಮ ಅಕ್ಕ ಕಾಫಿ ಸೋಸುವ ಹೊತ್ತು. “ಕುಡ್ಕಂಡ್ ಹೋಗೋ, ಸೂರ್ಯ ಎಲ್ಲಿಗೋಯ್ತಾನೆ” ಎನ್ನುತ್ತಾಳೆ. ಕಾಫಿ ಬಿಸಿಯಾಗಿದ್ದಷ್ಟೂ ಚಿತ್ರ ಬಿಳಿಚಿಕೊಳ್ಳುತ್ತದೆ.

ಸೂರ್ಯ ಹೋಗುವುದು ದೂರವೇ. ಯುಗಾದಿಯ ಆಸುಪಾಸಿನಲ್ಲಿ ಏರಿಯ ಮೇಲೆ ನಿಂತರೆ ಅವನು ಸರಿಯಾಗಿ ಹುಣಸೆಮರದ ಹಿಂದಿನಿಂದ ಹುಟ್ಟುತ್ತಾನೆ. ಜೂನ್ ಹೊತ್ತಿಗೆ ಎಡಕ್ಕೆ ಸರಿದು ಮೊಬೈಲ್ ಟವರಿನ ಹಿಂದೆ. ಡಿಸೆಂಬರಿನಲ್ಲಿ ಬಲಗಡೆಯ ಗುಡಿಯ ಹಿಂದೆ. ಉತ್ತರಾಯಣ, ದಕ್ಷಿಣಾಯನ ಎಂದು ಪಂಚಾಂಗದಲ್ಲಿ ಓದಿ ತಲೆದೂಗುವುದು ಬೇರೆ, ಕ್ಯಾಮೆರಾದ ಹಿಂದೆ ನಿಂತು ಅನುಭವಿಸುವುದು ಬೇರೆ. ಈ ಎರಡು ತುದಿಗಳ ನಡುವೆ ಸುಮಾರು 48 ಡಿಗ್ರಿ ಅಂತರ. ನನ್ನ 50 ಮಿ.ಮೀ. ಲೆನ್ಸು ಅಡ್ಡಡ್ಡ ಕಾಣುವುದು 40 ಡಿಗ್ರಿ. ಅಂದರೆ ಸೂರ್ಯನ ಒಂದು ವರ್ಷದ ಓಡಾಟ ನನ್ನ ಕ್ಯಾಮೆರಾದ ಚೌಕಟ್ಟಿಗೆ ಹಿಡಿಸುವುದೇ ಇಲ್ಲ. ಏಪ್ರಿಲ್ 24ರ ಸುಮಾರಿಗೆ ಒಂದು ಸಲ, ಆಗಸ್ಟ್ 18ರ ಸುಮಾರಿಗೆ ಇನ್ನೊಂದು ಸಲ ಅವನು ನಡುಹಗಲಲ್ಲಿ ನಮ್ಮ ನೆತ್ತಿಯ ನೇರಕ್ಕೇ ಬರುತ್ತಾನೆ. ಬೆಂಗಳೂರಿನ ಮಕ್ಕಳು ಅಂದು ಶೂನ್ಯ ನೆರಳಿನ ದಿನವೆಂದು ಮೈದಾನದಲ್ಲಿ ಕೋಲು ನೆಟ್ಟು ಸಂಭ್ರಮಿಸುತ್ತಾರೆ. ನೆರಳೇ ಇಲ್ಲದ ಮೇಲೆ ಚಿತ್ರವೆಲ್ಲಿಯದು? ಅಂದು ನಾನು ಊಟ ಮಾಡಿ ಮಲಗುತ್ತೇನೆ.

ಮೇಷ್ಟ್ರು ಕಲಿಸಿದ ಆರು ಋತುಗಳು ಬಯಲುಸೀಮೆಯ ಹೊಲದಲ್ಲಿ ಅಷ್ಟಾಗಿ ಉಪಯೋಗಕ್ಕೆ ಬರುವುದಿಲ್ಲ. “ಭಾವ, ಶರದೃತು ಶುರುವಾಯ್ತಾ?” ಎಂದು ಕೇಳಿದರೆ ಅವರು ನನ್ನ ಹಣೆ ಮುಟ್ಟಿ ನೋಡಿಯಾರು. ಅವರದು ಮಳೆಗಳ ಲೆಕ್ಕ. ಅಶ್ವಿನಿ, ಭರಣಿ, ಕೃತ್ತಿಕೆ, ರೋಹಿಣಿ, ಮೃಗಶಿರ, ಆರಿದ್ರೆ ಹೀಗೆ ಸಾಲಾಗಿ ವಿಶಾಖೆಯ ತನಕ. ಸೂರ್ಯ ಒಂದೊಂದು ನಕ್ಷತ್ರದಲ್ಲಿ 13-14 ದಿನ ಇರುತ್ತಾನೆ; ಅಷ್ಟು ದಿನವೂ ಸುರಿಯುವ ಮಳೆಗೆ, ಸುರಿಯದೆ ಕೈಕೊಡುವ ಮಳೆಗೆ ಅದೇ ಹೆಸರು. ಒಂದೊಂದಕ್ಕೂ ಒಂದೊಂದು ಗಾದೆ ಬೇರೆ. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ. ಉತ್ತರ ಕರ್ನಾಟಕದವರಾದರೆ, ರೋಹಿಣಿ ಮಳೆ ಬಂದರೆ ಓಣಿಯೆಲ್ಲ ಜೋಳ. ಆಗಸ್ಟಿನ ನಡುವೆ ಬರುವುದಕ್ಕೆ, ಬಂದರೆ ಮಘೆ ಇಲ್ಲದಿದ್ದರೆ ಧಗೆ. ಹವಾಮಾನ ಇಲಾಖೆಯ ನಕಾಶೆಗಿಂತ ನನ್ನ ಕೆಲಸಕ್ಕೆ ಒದಗಿ ಬಂದದ್ದು ಈ ಪಟ್ಟಿಯೇ. ಯಾವ ಮಳೆ ನಡೆಯುತ್ತಿದೆ ಎಂದು ಗೊತ್ತಾದರೆ ಹೊಲದ ಬಣ್ಣ ಯಾವುದೆಂದು ಬೆಂಗಳೂರಿನಲ್ಲಿ ಕೂತೇ ಹೇಳಬಹುದು.

ಅಶ್ವಿನಿ, ಭರಣಿಗಳಲ್ಲಿ ಹೊಲದ ಬಣ್ಣ ಕೆಂಪು. ಉತ್ತ ಮಣ್ಣಿನ ಮೇಲೆ ಮೊದಲ ಮಳೆ ಬಿದ್ದ ಮರುದಿನದ ಕೆಂಪು ಇದೆಯಲ್ಲ, ಅದಕ್ಕೆ ಯಾವ ಫಿಲ್ಮೂ ನ್ಯಾಯ ಕೊಡಲಿಲ್ಲ, ಈಗಿನ ಸೆನ್ಸರೂ ಕೊಡುವುದಿಲ್ಲ. ಬದುವಿನ ಹೊಂಗೆಗಳು ಆ ಹೊತ್ತಿಗೆ ಎಳೆ ಹಸಿರು ಹೊದ್ದು ನಿಂತಿರುತ್ತವೆ. ಆಮೇಲೆ ಹೆಸರು, ಅಲಸಂದೆ ಹುಟ್ಟಿ ಹೊಲಕ್ಕೆ ಹಸಿರು ಗೆರೆ ಬರುತ್ತದೆ. ಜುಲೈ ಹೊತ್ತಿಗೆ ಹೆಸರು ಬಿಡಿಸಿ, ಪುನರ್ವಸು ಪುಷ್ಯ ಮಳೆಯಲ್ಲಿ ರಾಗಿ ಬಿತ್ತುತ್ತಾರೆ. ಅಲ್ಲಿಂದ ಮಲೆನಾಡಿನ ಕಡೆ ನೋಡುವ ಹಾಗೇ ಇಲ್ಲ. ಹೋಗಿಬಂದ ಗೆಳೆಯರು ಹೇಳುವುದಿಷ್ಟೇ: ಆಗುಂಬೆಯ ಸೂರ್ಯಾಸ್ತ ನೋಡುವ ಕಟ್ಟೆಯ ಮೇಲೆ ನಿಂತರೆ ಪಕ್ಕದವರ ಕೊಡೆಯೂ ಕಾಣುವುದಿಲ್ಲ. ಲೆನ್ಸಿನೊಳಗೆ ಜೇಡರ ಬಲೆಯಂತೆ ಬೂಷ್ಟು ಹಿಡಿಯುತ್ತದೆಂದು ಅಲ್ಲಿನವರು ಕ್ಯಾಮೆರಾವನ್ನು ಸಿಲಿಕಾ ಜೆಲ್ ಪೊಟ್ಟಣದ ಜೊತೆ ಗಾಳಿಯಾಡದ ಡಬ್ಬಿಯಲ್ಲಿಟ್ಟು, ದೀಪಾವಳಿಗೆ ಹೊರಗೆ ತೆಗೆಯುತ್ತಾರೆ. ಇತ್ತ ಗುಂಡ್ಲುಪೇಟೆಯಲ್ಲಿ ಅದೇ ತಿಂಗಳುಗಳಲ್ಲಿ ಸೂರ್ಯಕಾಂತಿ ಅರಳಿ, ಊಟಿಗೆ ಹೋಗುವ ಕಾರುಗಳೆಲ್ಲ ಹೊಲದ ಅಂಚಿಗೆ ನಿಲ್ಲುತ್ತವೆ. ಹೂವಿನ ನಡುವೆ ನಿಂತು ಫೋಟೋ ತೆಗೆಸಿಕೊಳ್ಳುವವರಿಂದ ಅಲ್ಲಿನ ರೈತರು ತಲೆಗಿಷ್ಟೆಂದು ದುಡ್ಡು ಪಡೆಯುತ್ತಾರೆ. ಕೆಲವರಿಗೆ ಇದು ಅನ್ಯಾಯವೆನಿಸುತ್ತದೆ. ನನಗಂತೂ ನೋಟಕ್ಕೂ ಬೆಲೆಯುಂಟೆಂದು ಮೊದಲು ಕಂಡುಕೊಂಡವರು ಅವರೇ ಎನಿಸಿ ಗೌರವ ಬಂತು. ಎಣ್ಣೆಗಾಣದವನು ಕೊಡುವ ರೇಟು ಏರಿ ಇಳಿಯುತ್ತದೆ. ಸೆಲ್ಫಿಯ ರೇಟು ಇಳಿದದ್ದಿಲ್ಲ.

ನಮ್ಮ ಕಡೆ ಹೊಲಕ್ಕೆ ಕಳೆ ಬರುವುದು ಹಸ್ತ, ಚಿತ್ತೆಗಳಲ್ಲಿ. ಒಳನಾಡಿನ ಕೆರೆಗಳಿಗೆ ನೀರು ತರುವ ಮಳೆಗಳೂ ಹೆಚ್ಚಾಗಿ ಅವೇ. ರಾಗಿ ತೆನೆ ಕಟ್ಟುತ್ತಿರುತ್ತದೆ. ಅದರ ನಡುವೆ ನಡುವೆ ಅಕ್ಕಡಿ ಸಾಲು. ಆ ಸಾಲಿನಲ್ಲಿ ಹುಚ್ಚೆಳ್ಳು ಹೂ ಬಿಡುತ್ತದೆ. ದಿಣ್ಣೆಯ ಇಳಿಜಾರಿನುದ್ದಕ್ಕೆ ಹಸಿರಿನ ಮೇಲೆ ಹಳದಿಯ ಗೆರೆಗಳು, ನೇರವೂ ಅಲ್ಲದ ಡೊಂಕೂ ಅಲ್ಲದ, ನೇಗಿಲು ಹೋದ ಹಾಗೆ ಹೋದ ಗೆರೆಗಳು. ಹತ್ತಿರ ಹೋಗಿ ಕುಕ್ಕರುಗಾಲಲ್ಲಿ ಕೂತರೆ ಪ್ರತಿ ಹೂವಿನಲ್ಲೂ ಎಂಟೆಸಳು, ಎಸಳಿನ ತುದಿಯಲ್ಲಿ ಸಣ್ಣ ಹಲ್ಲು, ನಡುವೆ ಗುಂಡಗೆ ಹುಡಿ. ಮಂಜಿನಲ್ಲಿ ನೆನೆದು ರೆಕ್ಕೆ ಬಿಡಿಸಲಾಗದ ಒಂದು ಜೇನುಹುಳ ಆ ಹುಡಿಗೆ ಕಾಲು ಕೊಟ್ಟು ಬಿಸಿಲಿಗೆ ಕಾಯುತ್ತಿರುತ್ತದೆ. ಬಿಸಿಲು ಮೊದಲು ತಾಗುವುದು ಬೆನ್ನಿಗೆ. ಅದು ಹಿಂಗಾಲುಗಳಿಂದ ರೆಕ್ಕೆ ಒರೆಸಿಕೊಳ್ಳುತ್ತದೆ, ಒಮ್ಮೆ ಗುಂಯ್ ಎಂದು ಪರೀಕ್ಷೆ ಮಾಡುತ್ತದೆ, ಇನ್ನೂ ಆಗಲಿಲ್ಲವೆಂದು ಸುಮ್ಮನಾಗುತ್ತದೆ. ಇಷ್ಟು ಹೊತ್ತಿಗೆ ನನ್ನ ಮೊಣಕಾಲು ಹಿಡಿದುಕೊಂಡಿರುತ್ತದೆ. ನಮ್ಮಿಬ್ಬರಲ್ಲಿ ಮೊದಲು ಏಳುವುದು ಯಾವಾಗಲೂ ಅದೇ.

ಮಾಘ ಮಾಸದ ಹೊತ್ತಿಗೆ ಹೊಲ ಬೋಳಾಗಿ ಬಣವೆಗಳು ಎದ್ದಿರುತ್ತವೆ. ಫ್ರಾನ್ಸಿನ ಕ್ಲೋದ್ ಮೋನೆ 1890-91ರಲ್ಲಿ ತನ್ನ ಮನೆ ಪಕ್ಕದ ಹೊಲದ ಬಣವೆಗಳನ್ನೇ ಬೇಸಿಗೆಯ ಕೊನೆಯಿಂದ ಹಿಮ ಬೀಳುವ ತನಕ, ಬೆಳಗ್ಗೆ ಸಂಜೆ ಎನ್ನದೆ ಬಿಡಿಸಿದ; 1891ರ ಮೇ ತಿಂಗಳಲ್ಲಿ ಪ್ಯಾರಿಸ್ಸಿನಲ್ಲಿ ಅವುಗಳಲ್ಲಿ 15 ಚಿತ್ರಗಳನ್ನು ಒಟ್ಟಿಗೆ ತೂಗುಹಾಕಿದ. ಒಂದೇ ಬಣವೆಯನ್ನು ಎಷ್ಟು ಸಲ ನೋಡಿದರೂ ಅದು ಒಂದೇ ಅಲ್ಲ ಎಂದು ತೋರಿಸಿದ ಪುಣ್ಯಾತ್ಮ. ಅವನ ಚಿತ್ರಗಳನ್ನು ಮೊಬೈಲಿನಲ್ಲಿ ಭಾವನಿಗೆ ತೋರಿಸಿದೆ. ಅವರು ಬೆರಳಿನಿಂದ ಹಿಗ್ಗಿಸಿ ಹಿಗ್ಗಿಸಿ ನೋಡಿದರು. “ತಲೆ ಚೆನ್ನಾಗ್ ಕಟ್ಟವ್ರೆ, ನೀರಿಳಿಯಲ್ಲ” ಎಂದರು. ಆಮೇಲೆ, “ತೆನೆ ಒಳಮುಖ ಹಾಕವ್ರಾ ಹೊರಮುಖ ಹಾಕವ್ರಾ? ಕಾಣಲ್ವಲ್ಲಪ್ಪ” ಎಂದು ಆಕ್ಷೇಪಿಸಿದರು. ರಾಗಿ ಬಣವೆಯಲ್ಲಿ ಬುಡ ಹೊರಗೆ, ತೆನೆ ಒಳಗೆ. ಒಟ್ಟುವವನು ನಡುವೆ ನಿಂತು, ಕೆಳಗಿನಿಂದ ಎಸೆದ ಕಂತೆಯನ್ನು ಗಾಳಿಯಲ್ಲೇ ತಿರುಗಿಸಿ ಮಂಡಿಯಲ್ಲಿ ಒತ್ತುತ್ತಾ ಸುತ್ತು ಹಾಕಬೇಕು. ಮೋನೆಯ ಬಣವೆಗಳನ್ನು ಕುರಿತು ಬಂದಿರುವ ವಿಮರ್ಶೆಗಳಲ್ಲಿ ತಲೆ ಕಟ್ಟಿದ ರೀತಿಯ ಬಗ್ಗೆ ನಾನಂತೂ ಒಂದು ಸಾಲನ್ನೂ ಓದಿಲ್ಲ.

ಭಾವನಿಗೂ ನನಗೂ ಹೊಂದಿಕೆಯಾಗದ ಒಂದೇ ವಿಷಯವೆಂದರೆ ಮೋಡ. 2021ರ ನವೆಂಬರಿನಲ್ಲಿ ದಕ್ಷಿಣ ಒಳನಾಡಿನಲ್ಲಿ ಹಿಡಿದ ಮಳೆ ನಿಲ್ಲಲಿಲ್ಲ. ಕೊಯ್ಲಿಗೆ ಬಂದ ರಾಗಿ ಹೊಲದಲ್ಲೇ ಮಲಗಿತು, ಕೊಯ್ದು ಅರಿ ಬಿಟ್ಟದ್ದು ಅಲ್ಲೇ ಮೊಳಕೆಯೊಡೆಯಿತು. ಅಂಥ ಆಕಾಶವನ್ನು ಮಾತ್ರ ನಾನು ಮತ್ತೆ ಕಂಡಿಲ್ಲ. ಪಡುವಣಕ್ಕೆ ತಾಮ್ರ, ಮೂಡಣಕ್ಕೆ ಸೀಸ, ನಡುವೆ ಒಂದು ಬಿರುಕು, ಬಿರುಕಿನಿಂದ ಹುಣಸೆಮರದ ಮೇಲೆ ಮಾತ್ರ ಬಿದ್ದ ಬಿಸಿಲು. ಭಾವ ಒದ್ದೆ ತೆನೆಯನ್ನು ಕೈಯಲ್ಲಿ ಹಿಡಿದು ಬಂದರು. ನಾನು ಕ್ಯಾಮೆರಾ ಇಳಿಸಿದೆ. “ಇಳಿಸ್ಬೇಡ, ಹಿಡ್ಕೊ ಹಿಡ್ಕೊ. ಹಿಡ್ಕಂಡು ಹಂಗೇ ಬೆಂಗ್ಳೂರಿಗೆ ತಗಂಡೋಗ್ಬಿಡು, ಇಲ್ಲಿ ಬೇಡ” ಎಂದರು. ಆ ಚಿತ್ರ ಚೆನ್ನಾಗಿ ಬಂದಿದೆ. ನೋಡಿದವರು ಚೆನ್ನಾಗಿದೆ ಎಂದಾಗಲೆಲ್ಲ ನನಗೆ ಮೊಳಕೆಯೊಡೆದ ರಾಗಿಯ ಹುಳಿವಾಸನೆ ನೆನಪಾಗುತ್ತದೆ. ಅದನ್ನು ಚೌಕಟ್ಟಿನೊಳಗೆ ತರುವ ಲೆನ್ಸು ಇನ್ನೂ ಬಂದಿಲ್ಲ. ಮರುವರ್ಷ, 2022ರಲ್ಲಿ, ಮಳೆ ಇನ್ನೂ ಜೋರಾಗಿ ನಮ್ಮ ಸೀಮೆಯ ಎಷ್ಟೋ ಕೆರೆಗಳು ಬಹಳ ಕಾಲದ ಮೇಲೆ ಕೋಡಿ ಬಿದ್ದವು. ಕೋಡಿಯ ಮುಂದೆ ಊರಿಗೆ ಊರೇ ಮೊಬೈಲ್ ಎತ್ತಿ ನಿಂತಿತ್ತು. ಮೊದಲ ಸಲ ನಾನು ಮುಕ್ಕಾಲಿ ಊರಿದರೂ ಎಷ್ಟು ಅಡಿ ಹೋಗುತ್ತದೆಂದು ಯಾರೂ ಕೇಳಲಿಲ್ಲ.

ಕೋಡಿ ಬಿದ್ದ ಮೇಲೆ ಅಂತರ್ಜಲ ಮೇಲೆ ಬಂತು. ಅಂತರ್ಜಲ ಬಂದ ಮೇಲೆ ಬೋರ್‌ವೆಲ್‌ಗಳಿಗೆ ಜೀವ ಬಂತು. ಬೋರ್‌ವೆಲ್ಲಿನ ಹಿಂದೆಯೇ ಅಡಿಕೆ ಸಸಿ ಬಂತು. ನನ್ನ ಚಿತ್ರಗಳ ಕಷ್ಟ ಶುರುವಾದದ್ದು ಅಲ್ಲಿಂದ. ಅಡಿಕೆ ತೋಟಕ್ಕೆ ಋತುವೇ ಇಲ್ಲ. ರೋಹಿಣಿಯಲ್ಲಿ ಹೋಗಿ, ಸ್ವಾತಿಯಲ್ಲಿ ಹೋಗಿ, ಸಂಕ್ರಾಂತಿಗೆ ಹೋಗಿ, ಅದೇ ಹಸಿರು. ಈ ದಿಣ್ಣೆಯ ಮೇಲೆ ಒಂದು ವರ್ಷದ ಅಂತರದಲ್ಲಿ ಕೆಂಪು, ಹಸಿರು, ಹಳದಿ, ಹೊಂಬಣ್ಣ, ಬೂದು ಎಂದು ನಾನು ಹಿಡಿಯುತ್ತಿದ್ದೆನಲ್ಲ, ಅದಷ್ಟೂ ಪ್ರಕೃತಿ ಕೊಟ್ಟದ್ದೆಂದು ಭಾವಿಸಿದವರು ಹೊಲ ನೋಡದವರು. ಆ ಬಣ್ಣಗಳು ಇದ್ದದ್ದು ನೀರು ಇಲ್ಲದ್ದರಿಂದ. ಮಳೆ ನಂಬಿ ಉತ್ತಿದ್ದರಿಂದ ಕೆಂಪು, ಮಳೆ ಬಂತೆಂದು ಬಿತ್ತಿದ್ದರಿಂದ ಹಸಿರು, ಮನೆಯ ಒಗ್ಗರಣೆಗೂ ಚಟ್ನಿಪುಡಿಗೂ ಇರಲೆಂದು ಅಕ್ಕಡಿ ಹಾಕಿದ್ದರಿಂದ ಹಳದಿ, ಮಳೆ ಮುಗಿದ ಮೇಲೆ ಮಾಡಲು ಬೇರೇನೂ ಇಲ್ಲದೆ ಬಿಟ್ಟದ್ದರಿಂದ ಬೂದು. ನಾನು ಋತುವಿಲಾಸ ಎಂದು ಹೆಸರಿಟ್ಟು ಗೋಡೆಗೆ ಹಾಕಿಕೊಂಡದ್ದು ಭಾವನ ಅನಿಶ್ಚಿತ ಆದಾಯದ ಬಣ್ಣದ ಪ್ರತಿಯೇ.

ಹಾಗೆಂದು ಅಡಿಕೆ ಹಾಕಬೇಡಿ ಎನ್ನಲು ನನಗೆ ಯಾವ ಮುಖ? 2024-25ರಲ್ಲಿ ರಾಗಿಗೆ ಸರ್ಕಾರ ಇಟ್ಟ ಬೆಂಬಲ ಬೆಲೆ ಕ್ವಿಂಟಲಿಗೆ 4,290 ರೂಪಾಯಿ. ಅಡಿಕೆ 40 ಸಾವಿರವನ್ನು ದಾಟಿ ಕೂತಿತ್ತು. ಈ ಎರಡು ಅಂಕಿಗಳ ನಡುವೆ ನಿಂತು ಹುಚ್ಚೆಳ್ಳಿನ ಹಳದಿಯ ಸೊಬಗನ್ನು ವಿವರಿಸಲು ಒಳ್ಳೆ ಭಾಷಣಕಾರನಿಗೂ ನಾಲಗೆ ಒಣಗುತ್ತದೆ. ಇನ್ನೂ ರಾಗಿ ಹಾಕುತ್ತಿರುವವರಲ್ಲೂ ಅಕ್ಕಡಿ ಸಾಲು ಕಡಿಮೆಯಾಗುತ್ತಿದೆ. ಕೊಯ್ಲಿನ ಮಷೀನು ಬಂದರೆ ರಾಗಿ, ಹುಚ್ಚೆಳ್ಳು, ಅವರೆ ಎಂದು ಬೇರೆ ಬೇರೆ ನೋಡುವುದಿಲ್ಲ; ಅದಕ್ಕೆ ಇಡೀ ಹೊಲ ಒಂದೇ ಬೆಳೆ ಇರಬೇಕು. ಸಗಣಿ ಸಾರಿಸಿ ಮೇಟಿ ನೆಟ್ಟ ಕಣವನ್ನು ಹುಡುಕಿಕೊಂಡು ಹೋಗುವ ಫೋಟೋಗ್ರಾಫರುಗಳು ಕೊನೆಗೆ ತಲುಪುವುದು ಡಾಂಬರು ರಸ್ತೆಗೆ. ಅಲ್ಲಿ ಮಷೀನು ಕರೆಸದ ರೈತರು ತೆನೆ ಹರಡಿರುತ್ತಾರೆ. ಫೋಟೋಗ್ರಾಫರ ಕಾರೇ ಅದನ್ನು ಬಡಿದುಕೊಟ್ಟು ಮುಂದೆ ಹೋಗುತ್ತದೆ.

ಮೊದಮೊದಲು ನಾನೂ ಕರೆಂಟು ತಂತಿ ಬಿಟ್ಟು, ಡ್ರಿಪ್ ಪೈಪು ಬಿಟ್ಟು, ನೀಲಿ ಟಾರ್ಪಾಲು ಬಿಟ್ಟು ಚೌಕಟ್ಟು ಕಟ್ಟುತ್ತಿದ್ದೆ. ಈಗ ಹುಣಸೆಮರದ ಎಡಕ್ಕೆ ಟವರು, ಬಲಕ್ಕೆ ಅಡಿಕೆ, ಹಿಂದೆ ಟ್ರಾನ್ಸ್‌ಫಾರ್ಮರು. ಇವನ್ನೆಲ್ಲ ಬಿಡುತ್ತಾ ಹೋದರೆ ಉಳಿಯುವುದು ಲೆನ್ಸಿನ ಮುಚ್ಚಳ. ಆದ್ದರಿಂದ ಎಲ್ಲವನ್ನೂ ಒಳಗೆ ಸೇರಿಸಿಕೊಂಡೇ ತೆಗೆಯುತ್ತೇನೆ. ಸ್ಪರ್ಧೆಗಳಿಗೆ ಕಳಿಸಿದರೆ ಬಹುಮಾನ ಬರುವುದಿಲ್ಲ, ಆದರೆ ಊರಿನವರಿಗೆ ಗುರುತು ಸಿಗುತ್ತದೆ.

ಇಷ್ಟೆಲ್ಲ ಆದ ಮೇಲೆ ಹೇಳುತ್ತೇನೆ, ಕರ್ನಾಟಕದ ಹೊಲಗಳನ್ನು ಋತುಋತುವಿಗೂ ತಪ್ಪದೆ ಚಿತ್ರ ತೆಗೆಯುವ ನಿಜವಾದ ಛಾಯಾಗ್ರಾಹಕರು ನಾವಲ್ಲ. ಬೆಳೆ ಸಮೀಕ್ಷೆಯವರು. ಮುಂಗಾರು, ಹಿಂಗಾರು, ಬೇಸಿಗೆ ಎಂದು ಹಂಗಾಮು ಹಂಗಾಮಿಗೆ ಪ್ರತಿ ಸರ್ವೆ ನಂಬರಿನ ಒಳಗೆ ನಿಂತು ಬೆಳೆಯ ಫೋಟೋ ತೆಗೆದು ಆ್ಯಪಿಗೆ ಏರಿಸಬೇಕು. 2020ರಿಂದ ರೈತರೇ ತಮ್ಮ ಹೊಲದ್ದನ್ನು ತೆಗೆಯುವ ವ್ಯವಸ್ಥೆಯೂ ಬಂದಿದೆ. ತೆಗೆಯದೆ ಬಿಟ್ಟದ್ದನ್ನು ಊರಿನ ಹುಡುಗನೊಬ್ಬ ತೆಗೆಯುತ್ತಾನೆ. ಬೆಳೆ ವಿಮೆ, ಪರಿಹಾರ, ಬೆಂಬಲ ಬೆಲೆ ಎಲ್ಲಕ್ಕೂ ಅದೇ ಸಾಕ್ಷಿ. ಗಟ್ಟದ ತಂಪಿನಿಂದ ಎರೆಭೂಮಿಯ ಬಿರುಕಿನ ತನಕ, ಒಂದು ಗುಂಟೆಯನ್ನೂ ಬಿಡದೆ, ವರ್ಷದಿಂದ ವರ್ಷಕ್ಕೆ ಸಂಗ್ರಹವಾಗುತ್ತಿರುವ ಇಂಥ ಚಿತ್ರಶಾಲೆ ಮೋನೆಯ ಕನಸಿನಲ್ಲೂ ಬಂದಿರಲಾರದು.

ಭಾವನ ಊರಿನ ಆ ಹುಡುಗ ಏರಿಯ ಮೇಲೆ ಸಿಕ್ಕ. ಡಿಗ್ರಿ ಮುಗಿಸಿದವನು, ಕೈಯಲ್ಲಿ ಗಾಜು ಒಡೆದ ಮೊಬೈಲು. ನಡುಹಗಲ ಬಿಸಿಲಿನಲ್ಲಿ ಬದುವಿನಿಂದ ಬದುವಿಗೆ ಹಾರುತ್ತಿದ್ದ. ಅವನ ಚಿತ್ರಗಳಲ್ಲಿ ದಿಗಂತ ವಾಲಿತ್ತು, ಒಂದರಲ್ಲಿ ಹೆಬ್ಬೆರಳೂ ಇತ್ತು. ಆದರೆ ಯಾವುದನ್ನು ತೋರಿಸಿದರೂ ಯಾರ ಹೊಲ, ಯಾವ ತಳಿ, ಯಾವ ಮಳೆಗೆ ಬಿತ್ತಿದ್ದು, ಅಣ್ಣತಮ್ಮಂದಿರ ಪಾಲಿನಲ್ಲಿ ಯಾರಿಗೆ ಹೋಯಿತು ಎಂದು ಹೇಳುತ್ತಿದ್ದ. ನಾನೂ ಸುಮ್ಮನಿರಲಾರದೆ ನನ್ನ ಅತ್ಯುತ್ತಮ ಚಿತ್ರವನ್ನು ಹೊರತೆಗೆದೆ. ಮಂಜು, ಹೊಂಬೆಳಕು, ಮಂಜಿನಲ್ಲಿ ಅರ್ಧ ಕರಗಿದ ಹುಣಸೆಮರ, ಕೆಳಗೆ ಅಸ್ಪಷ್ಟವಾಗಿ ಹಬ್ಬಿದ ಹೊಲ. ಅವನು ಬಹಳ ಹೊತ್ತು ಗೌರವದಿಂದ ನೋಡಿದ.

“ಚೆನ್ನಾಗೈತೆ ಅಣ್ಣ. ಯಾವ್ ಸರ್ವೆ ನಂಬರು?”

ಗೊತ್ತಿಲ್ಲ ಎಂದೆ.

“ಬೆಳೆ ಯಾವ್ದು ಅಂತಾನೂ ಕಾಣಲ್ವಲ್ಲಣ್ಣ, ಮಂಜು ಜಾಸ್ತಿ ಆಗೈತೆ. ಇದನ್ನ ಹಾಕಿದ್ರೆ ಮೇಲಿನೋರು ರಿಜೆಕ್ಟ್ ಮಾಡ್ತಾರೆ” ಎಂದವನು, ನನಗೆ ಬೇಸರವಾದೀತೆಂದು ಕೂಡಲೇ ಸೇರಿಸಿದ: “ನೀವು ಹನ್ನೆರಡು ಗಂಟೆ ಮೇಲೆ ಬನ್ನಿ ಅಣ್ಣ, ಬಿಸ್ಲು ಚೆನ್ನಾಗಿರ್ತದೆ. ನಾನೇ ಹೇಳ್ಕೊಡ್ತೀನಿ.”